ಸದ್ದಿರುವ ಗೂಡು

ಉಳ್ಳಾರ್ತಿ ಕಾವಲ್,
ಚಳ್ಳಕೆರೆ ತಾಲ್ಲೂಕು,
೨೬ ನವೆಂಬರ್ ೧೯೦೬

ಅಕ್ಕ ಸೂರಮ್ಮನಿಗೆ ತಮ್ಮ ಹನುಮಣ್ಣ ಮಾಡುವ ನಮಸ್ಕಾರಗಳು.

ನೀನು ಕಳಿಸಿದ ಗುಡ್ಡದ ನೂಲು ಕೈಸೇರಿತು. ಅದರ ವಿಚಾರಕ್ಕೇ ಈ ಕಾಗದ. ಈ ವರ್ಷ ಹಿಂಗಾರು ಜಡಿ ಹಿಡಿದು, ಇಲ್ಲಿಯ ಸರ್ಕಾರಿ ದನದ ಕಾವಲಿನ ಎಳೆಗರುಗಳ ಹೊಕ್ಕುಳಿಗೆ ಹುಳ ಬೀಳುತ್ತಿದೆ. ಹುಟ್ಟಿದ ನಾಲ್ಕೈದು ದಿನಕ್ಕೆ ಕರು ಕಾಲು ಮಡಚಿ ಮಲಗುತ್ತದೆ, ಆಮೇಲೆ ಏಳುವುದಿಲ್ಲ. ತಾಯಿ ಮಾತ್ರ ಅದನ್ನು ನೆಕ್ಕುತ್ತಲೇ ಇರುತ್ತದೆ. ನಮ್ಮ ದನದ ಡಾಕ್ಟರ್ ದೊರೆ ಹಚ್ಚದ ಔಷಧಿ ಇಲ್ಲ. ಕೊನೆಗೆ ನಾನೇ ಧೈರ್ಯ ಮಾಡಿ, ನಮ್ಮ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನದ ಕರುಗಳಿಗೆ ಅವ್ವ ಕಟ್ಟುವಂತೆ, ಏಳು ಕರುಗಳ ಹೊಕ್ಕುಳಿಗೆ ಗುಡ್ಡದ ನೂಲು ಕಟ್ಟಿದೆ. ಏಳೂ ಬದುಕಿವೆ. ನೊಣ ಅದರ ಹತ್ತಿರವೇ ಸುಳಿಯುವುದಿಲ್ಲ. ದೊರೆಯವರು ನನ್ನ ಬೆನ್ನು ತಟ್ಟಿದರು. ಇದು ನಮ್ಮವ್ವನ ವಿದ್ಯೆ ಎಂದು ಹೇಳಬೇಕಾಗಿತ್ತು, ಆ ಸಂತೋಷದಲ್ಲಿ ಬಾಯಿಗೆ ಬರಲಿಲ್ಲ.

ದೊರೆಯವರಿಗೆ ಪತಂಗಗಳ ಹುಚ್ಚು ಎಂದು ಹಿಂದೆ ಬರೆದಿದ್ದೆ. ಹಗಲೆಲ್ಲ ದನ ನೋಡುತ್ತಾರೆ, ಬಿಡುವಾದರೆ ಪತಂಗ. ಅವನ್ನು ಸೂಜಿಗೆ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸಿ, ಹೆಸರಿನ ಚೀಟಿ ಬರೆಯುವುದು ನನ್ನ ಕೆಲಸ. ನಾವು ನೂಲು ತೆಗೆಯುವ ಗೂಡನ್ನು ನಮ್ಮ ಗುಡ್ಡದ ಕಾರೆಗಿಡಗಳಲ್ಲಿ ಕಟ್ಟುವ ಕಂದು ಪತಂಗವನ್ನು ತೋರಿಸಿದೆ ನೋಡು, ಇದ್ದಬದ್ದ ದಪ್ಪ ಪುಸ್ತಕಗಳನ್ನೆಲ್ಲ ಮಗುಚಿ ಹಾಕಿದರು. ಯಾವುದರಲ್ಲೂ ಇಲ್ಲವಂತೆ. ಚಳ್ಳಕೆರೆಯ ಬಯಲಲ್ಲಿಯೂ ಇಲ್ಲ. ನಮ್ಮ ಬ್ರಹ್ಮಗಿರಿ ಗುಡ್ಡದ ಮೇಲಿನ ಬಂಡೆಗಳ ಸಂದು ಬಿಟ್ಟರೆ ಅದು ಬೇರೆಲ್ಲಿ ಬದುಕುತ್ತದೋ ಯಾರಿಗೂ ಗೊತ್ತಿಲ್ಲ.

ಈಗ ಕೆಲಸದ ಮಾತು. ನೂಲು ಸಾಲದು. ಅವ್ವ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದಿಲ್ಲದ್ದನ್ನು ಮಾತ್ರ ಕೀಳುತ್ತಾಳೆ. ಗಲಗಲ ಅನ್ನುವುದನ್ನು ಗಿಡದಲ್ಲೇ ಬಿಡುತ್ತಾಳೆ. ನಿನ್ನ ಗಂಟಿನಲ್ಲಿ ತಪ್ಪಿ ಬಂದಿದ್ದ ಸದ್ದಿರುವ ಮೂರು ಗೂಡುಗಳನ್ನು ನಾನು ದೊರೆಯ ಭೂತಗನ್ನಡಿಯ ಕೆಳಗೆ ಕೊಯ್ದು ನೋಡಿದೆ. ಒಣಗಿ ಸತ್ತ ಹುಳದ ಸಿಪ್ಪೆ, ರಾಗಿಕಾಳಿನಷ್ಟು ಸಣ್ಣ ಹಿಕ್ಕೆ, ಅಷ್ಟೇ. ಸದ್ದಿರುವ ಗೂಡು ದೊಡ್ಡದು, ನೂಲೂ ಎರಡರಷ್ಟು. ಸತ್ತದ್ದನ್ನು ಯಾರಿಗಾಗಿ ಕಾಯಬೇಕು? ಇನ್ನು ಮೇಲೆ ಅವನ್ನೂ ಕಿತ್ತು ಬೂದಿನೀರಿನಲ್ಲಿ ಕುದಿಸಿ ನೂಲು ತೆಗೆಯಿರಿ. ಅವ್ವನಿಗೆ ತಿಳಿಸಿ ಹೇಳು. ಇಲ್ಲಿ ಕರುಗಳು ಸಾಯುತ್ತಿವೆ.

ನಿನ್ನ ತಮ್ಮ,
ಹನುಮಣ್ಣ


ಗುಡ್ಡದ ಹಟ್ಟಿ, ಸಿದ್ದಾಪುರದ ಬಳಿ,
ಮೊಳಕಾಲ್ಮೂರು ತಾಲ್ಲೂಕು,
೯ ಡಿಸೆಂಬರ್ ೧೯೦೬

ಹನುಮಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಹಟ್ಟಿಯ ಜನಕ್ಕೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ದನದ ರೊಪ್ಪದ ಮರಳಿನ ಮೇಲೆ ಬೆರಳಿನಿಂದ ನೀನು ಕಲಿಸಿದ ಅಕ್ಷರ ಇವತ್ತಿಗೂ ನನ್ನ ಮಾನ ಕಾಯುತ್ತಿದೆ. ಏಳು ಕರು ಬದುಕಿದ್ದು ಕೇಳಿ ದೇವರ ದನ ಕಾಯುವ ಗಾದ್ರಪ್ಪ ಮಾವ ಅವುಗಳ ಕಡೆ ತಿರುಗಿ ಕೈಮುಗಿದ. ನಿಮ್ಮ ದೊರೆ ಮಾತ್ರ ನನಗೆ ಅರ್ಥವಾಗಲಿಲ್ಲ. ಅಷ್ಟು ದೂರದಿಂದ ಸಮುದ್ರ ದಾಟಿ ಬಂದು ಹುಳ ಚುಚ್ಚುತ್ತಾ ಕೂರುತ್ತಾನಲ್ಲ, ಅವನ ಹೆಂಡತಿ ಏನೂ ಅನ್ನುವುದಿಲ್ಲವೇ?

ಅವ್ವನಿಗೆ ಹೇಳಿದೆ. ಅವಳು ಕೇಳಲಿಲ್ಲ.

“ಸದ್ದು ಐತೆ ಅಂದ್ರೆ ಒಳಗೆ ಯಾರೋ ಅವ್ರೆ” ಅಂದಳು.

“ಸತ್ತೈತಂತೆ ಕಣವ್ವ. ಹನುಮಣ್ಣ ಕನ್ನಡಿಯಾಗೆ ನೋಡ್ಯಾನೆ.”

“ಅವ್ನು ಕಣ್ಣಾಗೆ ನೋಡ್ಯಾನೆ, ನಾನು ಕಿವ್ಯಾಗೆ ಕೇಳೀನಿ. ಮನ್ಯಾಗೆ ಒಬ್ರು ಇರುವಾಗ ಗ್ವಾಡೆ ಕೆಡವ್ತೀಯೇನೇ ನೀನು?”

ಸತ್ತವರು ಇದ್ದರೇನು ಬಿಟ್ಟರೇನು ಎಂದು ಕೇಳಿದರೆ, ನಮ್ಮವ್ವ ಹಂಗೇ ಹೇಳಿದ್ಲು, ಅವರವ್ವಾನೂ ಹಂಗೇ ಹೇಳಿದ್ಲು ಅನ್ನುತ್ತಾಳೆ. ಹಟ್ಟಿಯಲ್ಲಿ ಹೊಕ್ಕುಳ ನೂಲು ಕೊಡುವ ಕೈ ಅವಳದು. ಕರುವಿಗಾಗಲಿ ಕೂಸಿಗಾಗಲಿ ಅವಳು ಕೊಟ್ಟ ನೂಲೇ ಆಗಬೇಕು, ಅದರ ಜಂಭವೂ ಇದೆ ಅವಳಿಗೆ. ಇರಲಿ. ಗುಡ್ಡ ಹತ್ತಲು ನನಗೂ ಕಾಲಿವೆ. ನಾಳೆಯಿಂದ ನಾನೇ ಹೋಗುತ್ತೇನೆ. ಓದಿದ ನಿನ್ನ ಮಾತಿಗಿಂತ ಅವಳ ಮಾತು ಹೆಚ್ಚಾಗಬಾರದು.

ಇಂತಿ,
ಸೂರಮ್ಮ


ಉಳ್ಳಾರ್ತಿ ಕಾವಲ್,
೧೮ ಜನವರಿ ೧೯೦೭

ಪ್ರೀತಿಯ ಅಕ್ಕ,

ಎರಡು ಗಂಟು ನೂಲೂ ಬಂದವು. ಅವ್ವ ತೆಗೆಯುವ ನೂಲಿಗಿಂತ ಇದು ದಪ್ಪ, ಬಲವೂ ಹೆಚ್ಚು. ಇಲ್ಲಿಯ ದರೋಗ ಜಂಬುಲಿಂಗಪ್ಪನವರು ಮುಂದಿನ ಸೂಲಿನ ಅಷ್ಟೂ ಕರುಗಳಿಗೆ ಇದೇ ಆಗಬೇಕೆಂದು ಹೇಳಿದ್ದಾರೆ. ನೀನು ಮಾಡಿದ್ದು ಪುಣ್ಯದ ಕೆಲಸ, ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡ.

ಇನ್ನೊಂದು ಸುದ್ದಿ. ದಸರೆಯ ಮುಂದೆ ನಾನು ಊರಿಗೆ ಬಂದಾಗ ಗುಡ್ಡದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಹಾರುವ ಪತಂಗಗಳನ್ನು ಹಿಡಿದು ತಂದಿದ್ದೆನಲ್ಲ, ಅವನ್ನು ದೊರೆಯವರು ಒಂದೊಂದಾಗಿ ನೋಡಿದರು. ಅಷ್ಟೂ ಗಂಡಂತೆ. “ಹೆಣ್ಣು ಎಲ್ಲಿ?” ಎಂದು ಕೇಳಿದರು. ನಮ್ಮ ಗುಡ್ಡದಲ್ಲಿ ಹುಟ್ಟುವುದೆಲ್ಲ ಗಂಡೇ ಇರಬೇಕು ಎಂದು ನಾನು ನಕ್ಕೆ. ಅವರು ನಗಲಿಲ್ಲ. ಹೆಣ್ಣನ್ನು ಕಂಡುಹಿಡಿದವರ ಹೆಸರನ್ನೇ ಆ ಪತಂಗಕ್ಕೆ ಇಟ್ಟು ವಿಲಾಯಿತಿಯ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಾರಂತೆ. ಅಕ್ಕ, ನಾನು ಬರೆದ ಚೀಟಿಗಳ ಮೇಲೆಲ್ಲ ಬೇರೆಯವರ ಹೆಸರೇ ಇದೆ. ಒಂದರ ಮೇಲಾದರೂ ನನ್ನ ಹೆಸರು ಇರಲಿ ಎಂದು ಆಸೆಯಾಗಿದೆ. ನೀನು ಗುಡ್ಡಕ್ಕೆ ಹೋದಾಗ ಬೇರೆ ಬಣ್ಣದ, ದೊಡ್ಡ ರೆಕ್ಕೆಯ ಪತಂಗವೇನಾದರೂ ಕಂಡರೆ ಬಿಡಬೇಡ.

ನಿನ್ನ,
ಹನುಮಣ್ಣ


ಗುಡ್ಡದ ಹಟ್ಟಿ,
೧೧ ಮಾರ್ಚ್ ೧೯೦೭

ಹನುಮಣ್ಣ,

ಬರೆಯಲು ನಾಚಿಕೆಯಾಗುತ್ತಿದೆ. ನಮ್ಮ ಮನೆಯಲ್ಲಿ ಕಳ್ಳತನ ನಡೆಯುತ್ತಿದೆ. ನಾನು ಮುಳ್ಳಿನಲ್ಲಿ ಕೈ ತರಚಿಕೊಂಡು ತಂದ ಗೂಡುಗಳು ಬುಟ್ಟಿಯಲ್ಲಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದವು. ಇಲಿ ಇರಬೇಕೆಂದುಕೊಂಡೆ. ನಿನ್ನೆ ಅವ್ವ ಹೊಸಿಲು ದಾಟುವಾಗ ಅವಳ ಮಡಿಲು ಗಲಗಲ ಅಂದಿತು. ಹಿಡಿದು ಬಿಚ್ಚಿಸಿದೆ. ಎಲ್ಲ ಸದ್ದಿರುವ ಗೂಡುಗಳೇ.

ಅಂಗಳದಲ್ಲಿ ಲಕ್ಷ್ಮಕ್ಕ, ಚಿಕ್ಕಬಸಪ್ಪ, ಇನ್ನೂ ನಾಲ್ಕು ಜನ ಇದ್ದರು. ಸಿಟ್ಟಿನಲ್ಲಿ ಅವರೆಲ್ಲರ ಎದುರೇ ಅವಳನ್ನು ಕಳ್ಳಿ ಅಂದೆ. ಎಲ್ಲಿ ಬಚ್ಚಿಟ್ಟಿದ್ದೀಯ, ಯಾರಿಗೆ ಕೊಟ್ಟೆ ಎಂದು ಕೇಳಿದೆ. ಸಿಟ್ಟು ಬಂದರೆ, ಅಳು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ, ನಿನಗೆ ಗೊತ್ತಲ್ಲ. “ವದ್ದಮ್ಮಾ, ವದ್ದು” ಅಂದಳು, ಬೇಡ ಬೇಡ ಎಂದು. ನೂಲು ಕೊಡುವ ಕೈ ತಪ್ಪಿಹೋಯಿತಲ್ಲ ಎಂಬ ಹೊಟ್ಟೆಕಿಚ್ಚಿಗೆ ಹೀಗೆ ಮಾಡುತ್ತಿದ್ದಾಳೆ ಎಂದು ಲಕ್ಷ್ಮಕ್ಕ ಅಂದಳು. ನನಗೂ ಹಾಗೆಯೇ ಅನ್ನಿಸುತ್ತದೆ. ಹೆತ್ತವಳನ್ನು ಏನು ಮಾಡಲಿ? ನೀನೇ ಹೇಳು.

ಸೂರಮ್ಮ


ಉಳ್ಳಾರ್ತಿ ಕಾವಲ್,
೨೦ ಮಾರ್ಚ್ ೧೯೦೭

ಪ್ರೀತಿಯ ಅಕ್ಕ,

ವಯಸ್ಸಾದ ಮೇಲೆ ಮನುಷ್ಯರು ಮಕ್ಕಳಂತಾಗುತ್ತಾರೆ. ಅವ್ವನ ಮೇಲೆ ಕೋಪ ಬೇಡ. ಆದರೆ ಅವಳ ಹಟಕ್ಕೆ ಕರುಗಳನ್ನು ಬಲಿ ಕೊಡುವುದಕ್ಕೂ ಆಗುವುದಿಲ್ಲ. ಚಳ್ಳಕೆರೆಯ ಸಂತೆಯಿಂದ ಒಂದು ಹಿತ್ತಾಳೆಯ ಬೀಗ ತಂದು ಈ ಕಾಗದದ ಜೊತೆ ಕಳಿಸಿದ್ದೇನೆ. ಗೂಡುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು, ಬೀಗದ ಕೈ ನಿನ್ನ ಕೊರಳಲ್ಲಿರಲಿ. ಅಷ್ಟಕ್ಕೂ ಮನೆಯಲ್ಲಿ ಜಗಳ ನಿಲ್ಲದಿದ್ದರೆ ಅವಳು ಸ್ವಲ್ಪ ದಿನ ಗಾದ್ರಪ್ಪ ಮಾವನ ಜೊತೆ ದೇವರ ದನದ ರೊಪ್ಪದಲ್ಲಿ ಇರಲಿ. ದನಗಳ ನಡುವೆ ಅವಳ ಮನಸ್ಸೂ ತಿಳಿಯಾದೀತು. ಇದೆಲ್ಲ ಅವಳ ಒಳ್ಳೆಯದಕ್ಕೇ.

ನಿನ್ನ,
ಹನುಮಣ್ಣ


ಗುಡ್ಡದ ಹಟ್ಟಿ,
೧೬ ಫೆಬ್ರವರಿ ೧೯೦೮

ಹನುಮಣ್ಣನಿಗೆ,

ಈ ಸಲ ಒಂದೇ ಗಂಟು. ಎಷ್ಟು ಹುಡುಕಿದರೂ ಇಷ್ಟೇ ಸಿಕ್ಕಿದ್ದು. ಅಕ್ಷರ ಕೆತ್ತಿದ ಗುಂಡುಬಂಡೆಯಿಂದ ಮೇಲಿನ ನೀರಿನ ದೊಣೆಯವರೆಗೆ ಕಾರೆಗಿಡಗಳೆಲ್ಲ ಬೋಳು. ಪೆಟ್ಟಿಗೆಯಲ್ಲಿ ಒಂದಿಷ್ಟು ಸದ್ದಿರುವ ಗೂಡು ಉಳಿದಿವೆ, ಒಂದು ಗಂಟಿಗೂ ಸಾಲವು, ಮಳೆಗಾಲ ಕಳೆದ ಮೇಲೆ ಹೊಸವುಗಳ ಜೊತೆ ಕುದಿಸುತ್ತೇನೆ. ಕಾಡುಬೆಂಕಿ ಬಿದ್ದಿಲ್ಲ, ಬರವೂ ಇಲ್ಲ. ಪತಂಗಗಳು ಎಲ್ಲಿಗೆ ಹೋದವೋ.

ಕೆಂಚಕ್ಕ ಗಂಡನ ಊರು ನನ್ನಿವಾಳದಿಂದ ಬಂದಿದ್ದಾಳೆ. ನೀರು ನಿಂತಿದೆಯಂತೆ. ನನ್ನ ಮಗಳಿಗೆ ಮಗುವಾದರೆ ನಾನು ಅಜ್ಜಿ, ನೀನು ತಾತ. ನಗಬೇಡ.

ಅವ್ವ ಇನ್ನೂ ರೊಪ್ಪದಲ್ಲೇ ಇದ್ದಾಳೆ. ಮನೆಗೆ ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ಮೊನ್ನೆ ಬಂದು ಅಂಗಳದಲ್ಲೇ ನಿಂತು, “ಸೀರೆ ಹರಿದೈತೆ ಸೂರವ್ವ, ಒಂದು ಹಳೇದು ಇದ್ರೆ ಕೊಡ್ತೀಯಾ?” ಎಂದು ಕೇಳಿದಳು. ಹೋದ ವರ್ಷ ಕೊಡಿಸಿದ ನೇರಳೆ ಬಣ್ಣದ ಸೀರೆ, ಸೆರಗೆಲ್ಲ ಚಿಂದಿ. ಎಲ್ಲಿ ಹರ್ಕೊಂಡು ಬರ್ತೀಯ, ದಿನಾ ಗುಡ್ಡದಲ್ಲಿ ಏನು ಕೆಲಸ ನಿನಗೆ ಎಂದು ಗದರಿದೆ. ಹಾಗೆಯೇ ಹೋದಳು. ಆಮೇಲೆ ಮನಸ್ಸು ಚುರ್ ಅಂದಿತು. ಹಬ್ಬಕ್ಕೆ ಬರುವಾಗ ಒಂದು ಸೀರೆ ತಾ.

ಸೂರಮ್ಮ


ಗುಡ್ಡದ ಹಟ್ಟಿ,
೨ ಜೂನ್ ೧೯೦೮

ಹನುಮಣ್ಣ,

ಅವ್ವ ಹೋದಳು. ಐದು ದಿನವಾಯಿತು.

ಮೊದಲ ಮಳೆ ಬಿದ್ದ ದಿನ ಗುಡ್ಡದ ಮೇಲೆ ಇದ್ದಳಂತೆ. ನೆನೆದು ಇಳಿದವಳಿಗೆ ಜ್ವರ ಬಂತು. ಗಾದ್ರಪ್ಪ ಮಾವ ಹೇಳಿಕಳಿಸಿದಾಗ ಓಡಿದೆ. ರೊಪ್ಪದ ಮೂಲೆಯಲ್ಲಿ ಕರುಗಳ ಪಕ್ಕ ಮಲಗಿದ್ದಳು. ನನ್ನ ಗುರುತು ಸಿಕ್ಕಿತು. “ಗುಡ್ಡದ ಮ್ಯಾಲೆ ಮಳೆ ಚೆನ್ನಾಗಿ ಬಿತ್ತಾ?” ಎಂದು ಕೇಳಿದಳು. ಬಿತ್ತವ್ವ ಅಂದೆ. “ಹಂಗಾದ್ರೆ ಆತು” ಅಂದಳು. ಜ್ವರದ ತಲೆಗೆ ಏನೇನೋ ಮಾತು ಎಂದುಕೊಂಡೆ.

ನೀನು ದೊರೆಯ ಜೊತೆ ಸರ್ಕೀಟಿನಲ್ಲಿದ್ದೀಯೆಂದು ದಾರಿಯಲ್ಲೇ ತಿಳಿದು, ನಿನ್ನನ್ನು ಕರೆಯಲು ಹೋದ ಆಳು ಕಾವಲು ಮುಟ್ಟದೆ ತಿರುಗಿ ಬಂದ. ಕಾಯುವ ಹಾಗಿರಲಿಲ್ಲ. ಮಣ್ಣು ಮಾಡುವ ಮುಂಚೆ ಮೈ ತೊಳೆಯುವಾಗ ನೋಡಿದೆ, ಅವಳ ಸೀರೆಗೆ ಸೆರಗೇ ಇರಲಿಲ್ಲ, ಮೊಳಕಾಲಿನ ಹತ್ತಿರ ಮುಗಿದಿತ್ತು. ನನ್ನ ಸೀರೆ ಹೊದಿಸಿದೆ. ಕೇಳಿದಾಗ ಕೊಡದೆ ಸತ್ತ ಮೇಲೆ ಕೊಟ್ಟೆ.

ಸೂರಮ್ಮ


ಉಳ್ಳಾರ್ತಿ ಕಾವಲ್,
೪ ಜೂನ್ ೧೯೦೮

ಪ್ರೀತಿಯ ಅಕ್ಕ,

ನಿನ್ನೆ ಸರ್ಕೀಟು ಮುಗಿಸಿ ಬಂದೆ. ಬಂದವನು ಕಂಡದ್ದನ್ನು ನಿನಗೆ ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ.

ನಾನಿಲ್ಲದಾಗ ಇಲ್ಲಿಯ ಡೇರೆ ಸೋರಿ, ಈ ಸಲದ ನಿನ್ನ ಗಂಟಿನಲ್ಲಿ ಸಿಕ್ಕಿ ಬಂದಿದ್ದ, ನಾನು ಕೊಯ್ಯದೆ ಇಟ್ಟಿದ್ದ ಎರಡು ಸದ್ದಿರುವ ಗೂಡುಗಳು ಮಳೆಯಲ್ಲಿ ನೆನೆದಿದ್ದವು. ತೆಗೆದು ನೋಡಿದರೆ ಪೆಟ್ಟಿಗೆಯ ತುಂಬ ಕೂದಲೆಳೆಯಂಥ ಮರಿಹುಳಗಳು. ಗೂಡಿನೊಳಗಿನ ರಾಗಿಕಾಳುಗಳಿಂದ ಹೊರಗೆ ಬಂದಿದ್ದವು. ಅದು ಹಿಕ್ಕೆಯಲ್ಲ ಅಕ್ಕ, ಮೊಟ್ಟೆ. ದೊರೆಯವರು ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಾವು ಹುಡುಕುತ್ತಿದ್ದ ಹೆಣ್ಣು ಅಲ್ಲೇ ಇತ್ತು. ಅದಕ್ಕೆ ರೆಕ್ಕೆಯೇ ಇಲ್ಲ. ಗೂಡು ಬಿಟ್ಟು ಎಲ್ಲಿಯೂ ಹೋಗುವುದಿಲ್ಲ. ಗಂಡು ಬಂದು ಹೋದ ಮೇಲೆ ಅಲ್ಲೇ ಮೊಟ್ಟೆಯಿಟ್ಟು, ಅವುಗಳ ಮೇಲೆ ತನ್ನ ಮೈಯನ್ನೇ ಮುಚ್ಚಿ ಸಾಯುತ್ತದೆ. ಮಳೆ ಬೀಳುವವರೆಗೆ ಆ ಒಣ ಮೈಯೇ ಮೊಟ್ಟೆಗಳಿಗೆ ಬಾಗಿಲು. ಸದ್ದಿಲ್ಲದ ಗೂಡುಗಳು ಗಂಡು ಹಾರಿಹೋದ ಖಾಲಿ ಮನೆಗಳು. ಅವನ್ನು ಕಿತ್ತರೆ ಯಾರಿಗೂ ನಷ್ಟವಿಲ್ಲ. ನಾನು ನಿನ್ನಿಂದ ಎರಡು ವರ್ಷ ಕೀಳಿಸಿದ್ದು, ಕುದಿಸಿದ್ದು, ಎಲ್ಲವೂ ತಾಯಂದಿರು. ಗುಡ್ಡದಲ್ಲಿ ಪತಂಗ ಎಲ್ಲಿ ಹೋಯಿತು ಎಂದು ಕೇಳಿದ್ದೆಯಲ್ಲ. ನಾನು ತಿಂದೆ.

ಇಲ್ಲಿಯ ಸೊಪ್ಪನ್ನೆಲ್ಲ ತಂದು ಹಾಕಿದೆ, ಮರಿಗಳು ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆಗೆ ಒಂದೂ ಉಳಿದಿಲ್ಲ.

ಭೂತಗನ್ನಡಿ ಇಟ್ಟುಕೊಂಡು ಕುರುಡನಾದೆ. ಅವ್ವನಿಗೆ ಹೇಳು, ಅವಳದೇ ಸರಿ, ಅವಳ ಮಗ ದಡ್ಡ ಎಂದು. ಹೆಣ್ಣನ್ನು ಕಂಡವರ ಹೆಸರು ಬರೆ ಎಂದು ದೊರೆಯವರು ಚೀಟಿ ಕೊಟ್ಟರು. ನಾನಲ್ಲ, ನಮ್ಮವ್ವ ಎಂದೆ. ಅವಳ ಹೆಸರನ್ನು, ನಿಂಗಕ್ಕ ಎಂದು, ನನ್ನ ಕೈಯಾರೆ ಬರೆದಿದ್ದೇನೆ. ಇದನ್ನೂ ಅವಳಿಗೆ ಹೇಳು, ಇವತ್ತೇ ಅವಳನ್ನು ಮನೆಗೆ ಕರೆದುಕೊಂಡು ಬಾ. ಅವಳಿಗೆ ಸೀರೆ ತೆಗೆದಿಟ್ಟಿದ್ದೇನೆ. ಬಂದು ನಾನೇ ಕಾಲಿಗೆ ಬೀಳುತ್ತೇನೆ.

ಹನುಮಣ್ಣ


ಗುಡ್ಡದ ಹಟ್ಟಿ,
೧೨ ಜೂನ್ ೧೯೦೮

ಹನುಮಣ್ಣ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಇಷ್ಟು ಹೊತ್ತಿಗೆ ನನ್ನದನ್ನು ನೀನು ಓದಿರುತ್ತೀಯ.

ನಿನ್ನದನ್ನು ತೆಗೆದುಕೊಂಡು ಹೋಗಿ ಅವಳನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಕೂತು ಓದಿದೆ. ಮನೆಗೆ ಬಂದು ಪೆಟ್ಟಿಗೆಯ ಬೀಗ ತೆಗೆದೆ. ಮಳೆಯ ಥಂಡಿಗೆ ಮೊಟ್ಟೆ ಒಡೆದು, ತಳದಲ್ಲಿ ಎಳ್ಳಿನ ಹೊಟ್ಟಿನಂತೆ ಸತ್ತ ಮರಿಗಳು. ಮುಚ್ಚಳದ ಸಂದಿನವರೆಗೂ ಹತ್ತಿ ಬಂದಿದ್ದವು.

ಸೂರಮ್ಮ


ಗುಡ್ಡದ ಹಟ್ಟಿ,
೩೦ ಅಕ್ಟೋಬರ್ ೧೯೦೮

ತಮ್ಮ ಹನುಮಣ್ಣನಿಗೆ,

ನಾಲ್ಕು ತಿಂಗಳು ನಿನಗೆ ಬರೆಯಲಿಲ್ಲ. ನೀನೂ ಬರಲಿಲ್ಲ. ಯಾವ ಮುಖ ಹೊತ್ತು ಬರುವುದು ಎಂದು ಕೂತಿರುತ್ತೀಯ, ನನಗೆ ಗೊತ್ತು. ನಾನೂ ಹಾಗೆಯೇ ಕೂತಿದ್ದೆ.

ದಸರೆಯ ಹೊತ್ತಿಗೆ ಕೆಂಚಕ್ಕನಿಗೆ ದಿನ ತುಂಬಿತು. ಹೊಕ್ಕುಳ ನೂಲಿಗೆ ಮನೆಯಲ್ಲಿ ಒಂದೆಳೆ ಇರಲಿಲ್ಲ, ಇದ್ದದ್ದನ್ನೆಲ್ಲ ಕಾವಲಿಗೆ ಕಳಿಸಿಬಿಟ್ಟಿದ್ದೆ. ತಲೆತಲಾಂತರದಿಂದ ಹಟ್ಟಿಗೆಲ್ಲ ನೂಲು ಕೊಟ್ಟ ಮನೆಯಲ್ಲಿ ನಮ್ಮ ಕೂಸಿಗೇ ಇಲ್ಲ. ಮೂರು ದಿನ ಗುಡ್ಡ ಸುತ್ತಿದೆ. ಒಂದು ಖಾಲಿ ಗೂಡೂ ಇರಲಿಲ್ಲ. ಇಳಿದು ಬಂದು ರೊಪ್ಪದ ಮುಂದೆ ಕೂತು ಅತ್ತೆ. ಗಾದ್ರಪ್ಪ ಮಾವ ಕರು ಕಟ್ಟುವುದನ್ನು ಬಿಟ್ಟು ಬಂದು ಎದುರಿಗೆ ಕೂತ. ಆಮೇಲೆ, “ಆನೆಗುಂಡಿನ ಹಿಂದೆ ನೋಡಿದ್ಯಾ?” ಅಂದ. ಅಲ್ಲಿ ಮೇಕೆಯೂ ಹತ್ತುವುದಿಲ್ಲ ಅಂದೆ. “ನಿಮ್ಮವ್ವ ಹತ್ತುತಿದ್ಲು” ಅಂದ.

ತೆವಳಿಕೊಂಡು ಹೋದೆ ಹನುಮಣ್ಣ. ಗುಂಡಿನ ಹಿಂದೆ ಒಂದು ಹಾಸುಬಂಡೆ, ಅದರ ಸಂದಿನಲ್ಲಿ ನಾಲ್ಕು ಕಾರೆಗಿಡ. ಗಿಡದ ತುಂಬ ನೇರಳೆ ಬಣ್ಣದ ಚಿಂದಿಗಳು. ಅವ್ವನ ಸೆರಗು. ಒಂದೊಂದು ಚಿಂದಿಯಲ್ಲಿ ಒಂದೊಂದು ಹಳೆಯ ಗೂಡು, ಗಾಳಿಗೆ ಬೀಳದಂತೆ ಕೊಂಬೆಗೆ ಕಟ್ಟಿದ್ದಳು. ಕೆಲವು ನನ್ನ ಬುಟ್ಟಿಯಿಂದ ಕದ್ದ ಗೂಡುಗಳು. ಉಳಿದವು, ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ, ನಾನು ಕೀಳುವ ಮುಂಚೆ ಅವಳೇ ಗುಡ್ಡದ ಈ ಕಡೆಯಿಂದ ಕಿತ್ತು ಆ ಕಡೆ ಕಟ್ಟಿದವು. ಅವುಗಳ ಸುತ್ತ ಈ ವರ್ಷದ ಹೊಸ ಗೂಡುಗಳು. ಮಧ್ಯಾಹ್ನದ ಬಿಸಿಲಲ್ಲಿ ಗಂಡು ಪತಂಗಗಳು ಹಾರಾಡುತ್ತಿದ್ದವು. ಒಂದು ಗೂಡಿನ ಬಾಯಲ್ಲಿ ನಿನ್ನ ದೊರೆ ಹುಡುಕಿದ ಹೆಣ್ಣು ಕೂತಿತ್ತು, ಬೂದಿ ಬಣ್ಣದ್ದು, ರೆಕ್ಕೆಯಿಲ್ಲದ್ದು. ನೋಡಲು ಏನೂ ಚೆಂದವಿಲ್ಲ. ನಾನು ಅದರ ಮುಂದೆ ಕೂತು ಎಷ್ಟು ಹೊತ್ತು ಅತ್ತೆನೋ ತಿಳಿಯದು.

ಕೆಳಗೆ ಬಂದು ಗಾದ್ರಪ್ಪ ಮಾವನನ್ನು ಕೇಳಿದೆ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ, ನಾನು ಅವಳನ್ನು ಕಳ್ಳಿ ಅಂದದ್ದು ನಿನಗೆ ಕೇಳಿರಲಿಲ್ಲವೇ ಎಂದೆ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಮಕ್ಳು ತಂದಿದ್ದು ತಿರುಗಿ ಇಟ್ಟು ಬರ್ತೀನಿ ಅಂತಿದ್ಲು ಕಣವ್ವ. ಹೇಳ್ಬಿಡ್ಲಾ ಅಂದ್ರೆ, ಬ್ಯಾಡ ಗಾದ್ರಪ್ಪ, ನನ್ನ ಮಕ್ಳಿಗೆ ಕಳ್ಳರು ಅಂತ ಹೆಸ್ರು ಬರ್ತೈತೆ, ನನಗೆ ಬಂದ್ರೆ ಬರ್ಲಿ ಅಂದ್ಲು. ಆಣೆ ಇಕ್ಕಿದ್ಲು.”

ಮರುದಿನ ಅದೇ ಅಂಗಳದಲ್ಲಿ ಹಟ್ಟಿಯ ಜನವನ್ನೆಲ್ಲ ಕೂರಿಸಿ ಎಲ್ಲವನ್ನೂ ಹೇಳಿದೆ. ಕದ್ದವಳು ನಾನು, ಕದಿಸಿದವನು ನನ್ನ ತಮ್ಮ, ತಿರುಗಿ ಇಟ್ಟವಳು ನಮ್ಮವ್ವ ಎಂದೆ. ನಿನ್ನ ಹೆಸರನ್ನು ಬಿಡಬಹುದಿತ್ತು, ಬಿಡಲಿಲ್ಲ. ಅವಳು ನಮ್ಮಿಬ್ಬರನ್ನೂ ಮುಚ್ಚಿದ್ದಳು. ಲಕ್ಷ್ಮಕ್ಕ ಎದ್ದು ಬಂದು ನನ್ನ ತಲೆ ಹಿಡಿದುಕೊಂಡಳು.

ಕೆಂಚಕ್ಕನಿಗೆ ಹೆಣ್ಣುಮಗು. ಅವ್ವನ ಗಿಡದಿಂದ ಒಂದೇ ಒಂದು ಗೂಡು ತಂದೆ. ಮೂರು ಸಲ ಕಿವಿಗೆ ಹಿಡಿದು, ಸದ್ದಿಲ್ಲವೆಂದು ತಿಳಿದ ಮೇಲೆ ಕಿತ್ತೆ. ಮಗು ಚೆನ್ನಾಗಿದೆ, ಹೊಕ್ಕುಳು ಒಣಗಿದೆ. ಕಾವಲಿಗೆ ನೂಲು ಕಳಿಸಲು ಇನ್ನೆಷ್ಟು ವರ್ಷ ಬೇಕೋ ಹೇಳಲಾರೆ. ನಿನ್ನ ಕರುಗಳನ್ನು ನೆನೆಯುತ್ತಿರುತ್ತೇನೆ. ಅವಕ್ಕೆ ನಾನೇನೂ ಮಾಡಲಾರೆ ಈಗ.

ನೀನು ತೆಗೆದಿಟ್ಟ ಸೀರೆಯನ್ನು ತೆಗೆದುಕೊಂಡು ಬಾ. ಹಳೆಯ ಚಿಂದಿಗಳು ಬಿಸಿಲಿಗೆ ಲಡ್ಡಾಗಿ ಮುಟ್ಟಿದರೆ ಹರಿಯುತ್ತಿವೆ, ಬರುವ ಗಾಳಿಗಾಲಕ್ಕೆ ನಿಲ್ಲುವುದಿಲ್ಲ. ಹೊಸದಾಗಿ ಕಟ್ಟಬೇಕು, ಇಬ್ಬರೂ ಕೂಡಿ ಕಟ್ಟೋಣ.

ಬೀಗವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ನಮ್ಮ ಪೆಟ್ಟಿಗೆಗೆ ಇನ್ನು ಅದು ಬೇಡ.

ನಿನ್ನ ಅಕ್ಕ,
ಸೂರಮ್ಮ